ಹಿತ್ತಲಿನಲ್ಲಿ ಅಕ್ಕನ ಒಲೆ

ಇವತ್ತು ಬೆಳಿಗ್ಗೆ ಒಂದು ಗೇಟಿಗೆ ರೆಡ್ ಆಕ್ಸೈಡ್ ಬಳಿಯುತ್ತಿದ್ದೆ. ಆ ಬಣ್ಣದ ವಾಸನೆ ಮೂಗಿಗೇರಿದರೆ ನನಗೆ ಹೊಸ ಮನೆಗಳು ನೆನಪಾಗುತ್ತವೆ. ಗೋಡೆ, ಗಿಲಾವು ಎಲ್ಲ ಮುಗಿದ ಮೇಲೆ ತಾನೇ ನಮ್ಮಂಥ ವೆಲ್ಡಿಂಗ್‌ನವರನ್ನು ಕರೆಯುವುದು. ಗೇಟಿನ ಗಿರಾಕಿ ಇಟ್ಟಂಗಿಹಾಳದವರು. "ಇದ್ದ ಜಾಗಾದಾಗ ಇನ್ನೊಂದು ಮನಿ ಕಟ್ಟಬೇಕಂತೀನ್ರಿ, ಪರವಾನಗಿ ಕೊಡತಾರೋ ಇಲ್ಲೋ" ಅಂತ ಗೊಣಗಿದರು. "ಕೊಡತಾರ್ರಿ, ಬೆನ್ನ ಹತ್ತಬೇಕು" ಅಂದೆ, ಎಲ್ಲ ತಿಳಿದವನ ಹಾಗೆ. ನೀವು ಪಕ್ಕದಲ್ಲಿದ್ದಿದ್ದರೆ ನಕ್ಕುಬಿಡುತ್ತಿದ್ದಿರಿ. ಕೆಲವು ವರ್ಷಗಳ ಹಿಂದೆ ಇದೇ ಪರವಾನಗಿ ನನ್ನ ಊಟ ನಿದ್ದೆ ಎರಡನ್ನೂ ಕೆಡಿಸಿತ್ತು.

ನಾನು ಶಾಲೆ ಬಿಟ್ಟಿದ್ದು ಮೀಸೆ ಮೂಡುವುದಕ್ಕೂ ಮೊದಲು. ಹಾಗಂತ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಜಾಗ ಕೊಂಡೆ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಖಾಲಿ ಹಿತ್ತಲು. ರೈಲು ಹೋದಾಗ ಡಬ್ಬಿಯೊಳಗಿನ ಬೇಳೆಯೂ ನಡುಗುತ್ತದೆ. ಬೀಗರು ಬಂದರೆ, "ನಮ್ಮ ಮನಿಗೆ ರೈಲೂ ನಮಸ್ಕಾರ ಮಾಡಿ ಹೋಗತೈತಿ" ಅಂತ ಕೊಚ್ಚಿಕೊಳ್ಳುತ್ತೇನೆ.

ಅಕ್ಕನನ್ನು ಕಾಖಂಡಕಿಗೆ ಕೊಟ್ಟಿತ್ತು. ಆಕೆಯ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನಾನೇ ಹೋಗಿ, ಆ ಊರಿನವರ ಮುಂದೆ "ತಮ್ಮ ಇನ್ನೂ ಗಟ್ಟಿ ಅದಾನ್ರಿ" ಅಂತ ಎದೆ ತಟ್ಟಿಕೊಂಡು ಆಕೆಯನ್ನು ಕರೆತಂದೆ. ನನ್ನ ಹೆಂಡತಿಗೂ ಆಕೆಗೂ ಜಗಳವಿರಲಿಲ್ಲ, ಇದ್ದಿದ್ದರೆ ಬಿಡಿಸಬಹುದಿತ್ತು. ಇಬ್ಬರೂ ಬಲು ಮರ್ಯಾದೆಯವರು. ಉಪ್ಪು ಹಾಕಿದೆಯಾ ಅಂತ ಒಬ್ಬರನ್ನೊಬ್ಬರು ಕೇಳಲು ಸಂಕೋಚ. ಇಬ್ಬರೂ ಉಪ್ಪು ಹಾಕಿದ ಪಲ್ಯ, ಇಬ್ಬರೂ ಮರೆತ ಸಾರು, ಎರಡನ್ನೂ ನಾನು "ಭಾಳ ಛಲೋ ಆಗೇತಿ" ಅಂತ ಹೊಗಳಿ ಉಂಡವನು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ದಿನ ಅಕ್ಕ ಬಾಯಿಬಿಟ್ಟಳು. "ತಮ್ಮಾ, ಹಿತ್ತಲದಾಗ ನನಗೊಂದು ಸಣ್ಣ ಮನಿ ಕಟ್ಟಿಸಿ ಕೊಡೋ. ನನ್ನ ಒಲಿ ನಾ ಹಚ್ಚಿಕೋತೀನಿ."

ಮನೆ ಅಂದದ್ದು ಸರಿ. ಒಲೆ ಅಂದದ್ದು ಎದೆಗೆ ನಾಟಿತು. ನಮ್ಮ ಕಡೆ ಒಲೆ ಬೇರೆಯಾದರೆ ಮನೆತನ ಒಡೆದ ಹಾಗೆ. ಗಂಡ ಸತ್ತ ಅಕ್ಕನನ್ನು ಹಿತ್ತಲಿಗೆ ದಬ್ಬಿದ ಅಂತ ಜನ ಆಡಿಕೊಳ್ಳುವುದಿಲ್ಲವೇ?

ನಕ್ಷೆ ಬರೆಯುವ ಇಂಜಿನಿಯರ್ ದಾರಿ ತೋರಿಸಿದ. ಅಡುಗೆಮನೆ ತೋರಿಸಿದರೆ ಪಾಲಿಕೆಯವರು ಅದನ್ನು ಎರಡನೇ ಮನೆ ಅನ್ನುತ್ತಾರೆ. ತನಿಖೆಗೆ ಬರುತ್ತಾರೆ, ನೆರೆಯವರ ತಕರಾರು ಕೇಳುತ್ತಾರೆ, ಬೇಡ ಅಂದರೂ ಅನ್ನಬಹುದು. "ಸ್ಟೋರ್ ರೂಮ್ ಅಂತ ತೋರಸೂಣು ಕಾಕಾ, ಕೆಲಸ ಸಲೀಸ್" ಅಂದ. ನನಗೆ ಸಕ್ಕರೆ ತಿಂದಷ್ಟು ಹಿತವಾಯಿತು. ನಕ್ಷೆ ತಂದು ಅಕ್ಕನ ಮುಂದೆ ಹಾಸಿದೆ.

"ಒಲಿ ಎಲ್ಲೈತಿ?"

"ಒಲಿ ಇಲ್ಲ ಯಕ್ಕಾ. ಸ್ಟೋರ್ ರೂಮ್ ಅಂತ ಬರಸೇನಿ. ಮಲಗೂದು ಅಲ್ಲಿ, ಊಟಾ ನಮ್ಮ ಕೂಡ."

"ಹಂಗಾರ ನಾ ಏನು ಜ್ವಾಳದ ಚೀಲ ಏನಲೇ, ಸ್ಟೋರ್ ರೂಮಿನ್ಯಾಗ ಇಡಾಕ?"

"ಜನಾ ಏನಂದಾರು?"

"ಅವರು ಅನ್ನೂದು ನೀ ಕೇಳಕೋತ ಕುಂದ್ರು. ನಾ ಕಾಖಂಡಕಿ ಬಸ್ ಹತ್ತತೀನಿ. ಅಲ್ಲಿ ಗ್ವಾಡಿ ಬಿದ್ದಿದ್ರೂ ಒಲಿ ನಂದೈತಿ."

ಹೇಳಿ ಸುಮ್ಮನಿರುವ ಹೆಂಗಸಲ್ಲ ಅವಳು. ಸಂಜೆಯೊಳಗೆ ಟ್ರಂಕು ಬಾಗಿಲಿಗೆ ಬಂದಿತ್ತು. ಕುಸಿದ ಮನೆಯಲ್ಲಿ ಒಂಟಿಯಾಗಿ ಹೋಗಿ ಕೂಡುತ್ತಾಳಲ್ಲ ಅಂತ ಹೆದರಿದೆ. ಮತ್ತೆ ಇಂಜಿನಿಯರ್ ಹತ್ತಿರ ಓಡಿದೆ. "ಒಲಿ ತೋರಸಪಾ. ಎರಡನೇ ಮನಿ ಅಂತನ ಕೇಳೂಣು." ಪರವಾನಗಿ ಸಿಗದಿದ್ದರೆ ಬಸ್ಸು ಹತ್ತುವುದೇ ಅಂತ ಅಕ್ಕ ಟ್ರಂಕನ್ನು ಅಲ್ಲೇ ಬಿಟ್ಟಳು. ಹೋಗುತ್ತಾ ಬರುತ್ತಾ ನಾನು ಅದನ್ನು ಎಡವುತ್ತಿದ್ದೆ.

ತನಿಖೆಗೆ ಬಂದ ಸಾಹೇಬರು ಟೇಪು ಹಿಡಿದು ಅಳೆದರು. ಆಮೇಲೆ ಗೋಡೆಯಾಚೆಯ ದಸ್ತಗೀರ ಕಾಕಾನನ್ನು ಕರೆದರು. ಗಾದಿ ಹೊಲಿಯುವ ಮುದುಕ. ಮೈತುಂಬ ಹತ್ತಿ ಅಂಟಿಸಿಕೊಂಡೇ ಬಂದ.

"ನಿಮ್ಮದೇನರೆ ತಕರಾರು ಐತಿ?"

ಕಾಕಾ ಗಡ್ಡ ತುರಿಸಿಕೊಂಡ. "ಐತ್ರಿ ಸಾಹೇಬ್ರ."

ಸಾಹೇಬರು ಬರೆದುಕೊಳ್ಳಲು ಪೆನ್ನು ತೆಗೆದರು.

"ಇವನ ಕಟಿಂಗ್ ಮಷೀನಿಂದು ಐತ್ರಿ. ಮಧ್ಯಾಹ್ನ ಕಣ್ಣ ಮುಚ್ಚಾಕ ಬಿಡೂದಿಲ್ಲ ಮಗಾ. ಅವರಕ್ಕನ ಮನೀದು ಏನೂ ಇಲ್ಲ, ಕಟ್ಟಲಿ ಪಾಪ."

ಸಾಹೇಬರು ನಗುತ್ತಲೇ ನನ್ನ ಕಡೆ ತಿರುಗಿದರು. "ಕುಟುಂಬ ಒಂದೋ, ಎರಡೋ?"

ಒಂದು ಅಂದರೆ ಎರಡು ಮನೆ ಯಾಕೆ? ಎರಡು ಅಂದರೆ ಮನೆತನ ಒಡೆಯಿತು ಅಂತ ನಾನೇ ಒಪ್ಪಿದ ಹಾಗೆ. ಹಿಂದಿನಿಂದ ಅಕ್ಕನೇ ಅಂದಳು: "ಎರಡ್ರೀ. ಅವರದೊಂದು, ನಂದೊಂದು. ನಾ ಒಬ್ಬಾಕಿ ಇದ್ರ ಅದು ಮನಿತನ ಅಲ್ಲೇನ್ರಿ?"

ಪರವಾನಗಿ ಬಂತು, ಮನೆಯೂ ಎದ್ದಿತು. ಟ್ರಂಕು ಹಿತ್ತಲಿಗೆ ಹೋದ ದಿನ ಹೊತ್ತಿದ್ದ ಕಲ್ಲು ಇಳಿಸಿದಂತಾಯಿತು. ಹೊಸ ಒಲೆಯ ಮೇಲೆ ಆಕೆ ಹಾಲು ಉಕ್ಕಿಸಿದಳು. ಆದರೂ ಯಾರಾದರೂ "ಬ್ಯಾರೆ ಆದ್ರೇನು?" ಅಂದರೆ ನಾನು ಕೇಳಿಸದವನಂತೆ ಮಷೀನು ಚಾಲೂ ಮಾಡುತ್ತಿದ್ದೆ.

ಅದೇ ಶ್ರಾವಣದಲ್ಲಿ ಅಕ್ಕ ಅಂಗಡಿಯ ಬಾಗಿಲಿಗೆ ಬಂದು ನಿಂತಳು. "ಏನೋ, ಪಂಚಮಿಗೆ ನನ್ನ ಕರಿಯಾಕ ಬರೂದಿಲ್ಲೇನು?"

"ಇಲ್ಲೇ ಅದೀಯಲ್ಲ ಯಕ್ಕಾ?"

"ಇಷ್ಟ ವರ್ಷ ನಿನ್ನ ಮನ್ಯಾಗ ಇದ್ದೆ. ತವರಾಗ ಕುಂತಾಕಿನ್ನ ತವರಿಗೆ ಯಾರು ಕರೀತಾರ? ಈಗ ನನಗೂ ಮನಿ ಐತಿ. ಬಂದು ಕರಿ."

ನಾಗಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಹಿಂದೆ ಅದಕ್ಕಾಗಿಯೇ ನಾನು ಕಾಖಂಡಕಿಗೆ ಹೋಗುತ್ತಿದ್ದೆ. ಆಕೆಯನ್ನು ಕಾಯಂ ತವರಿಗೆ ತಂದೆ ಅಂತ ಬೀಗುತ್ತಿದ್ದವನಿಗೆ, ಆಕೆಗೆ ತವರೇ ಇಲ್ಲದಂತಾಗಿದ್ದು ಹೊಳೆದಿರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಹಿತ್ತಲಿಗೆ ಹೋದೆ. ಚಹಾ ಕೊಟ್ಟಳು. ಹೊಸ ಸೀರೆ ಉಟ್ಟು, ಕೈಚೀಲ ಹಿಡಿದು, ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು. ಈಚೆ ನನ್ನ ಹೆಂಡತಿ ಕಾಲಿಗೆ ನೀರು ಹಿಡಿದು ನಿಂತಿದ್ದಳು. "ಬರ್ರಿ ಯಕ್ಕಾ, ಬರ್ರಿ. ಬಸ್ಸು ಗದ್ದಲಿತ್ತೇನ್ರಿ?"

"ಕುಂದ್ರಾಕ ಜಾಗಾ ಸಿಕ್ಕಿತ್ತು ಬಿಡವಾ" ಅಂದಳು ಅಕ್ಕ.

ಈಗ ಯಾರಾದರೂ ಬೇರೆಯಾದಿರಾ ಅಂದರೆ "ಹೂಂನ್ರಿ" ಅನ್ನುತ್ತೇನೆ, ಮಷೀನು ಚಾಲೂ ಮಾಡುವುದಿಲ್ಲ. ನಾಳೆ ಮತ್ತೆ ಪಂಚಮಿ. ಇವತ್ತು ಅಂಗಡಿ ಬೇಗ ಮುಚ್ಚಬೇಕು. ಕರೆಯಲು ತಡವಾದರೆ, ತವರಿನವರು ಮರೆತರು ಅಂತ ಅಕ್ಕ ಗೋಡೆಯಾಚೆಗೆ ಕೇಳುವ ಹಾಗೆ ಶುರು ಮಾಡುತ್ತಾಳೆ.