ವ್ಯಾನ್ ಮಾಮನ ಬೋರ್ಡ್ ಆಟ

ಹತ್ತೊಂಬತ್ತು ವರ್ಷ ಶಾಲೆಯ ವ್ಯಾನು ಓಡಿಸಿದ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬುವುದಿಲ್ಲ. ಆ ಧೈರ್ಯದ ಮೇಲೆಯೇ ನಮ್ಮ ವ್ಯಾನ್ ಮಾಮ ಎರಡು ವರ್ಷ ತಳ್ಳಿದ್ದ.

ಪೂರ್ತಿ ಕುರುಡೇನಲ್ಲ. ಅಕ್ಕಪಕ್ಕದ್ದೆಲ್ಲ ಕಾಣುತ್ತಿತ್ತು. ನೆಟ್ಟಗೆ ನೋಡಿದ್ದು ಮಾತ್ರ ಕಾಣುತ್ತಿರಲಿಲ್ಲ. ನಟ್ಟನಡುವೆ ಹೊಗೆ ಹಿಡಿದ ಹಾಗೆ ಒಂದು ಮಚ್ಚೆ ಕೂತುಬಿಟ್ಟಿತ್ತು. ಎದುರು ನಿಂತವರಿಗೆ ಕಿವಿ ಇರುತ್ತಿತ್ತು, ಮೂಗು ಇರುತ್ತಿರಲಿಲ್ಲ. ಬೋರ್ಡಿಗೆ ಕಂಬ ಇರುತ್ತಿತ್ತು, ಅಕ್ಷರ ಇರುತ್ತಿರಲಿಲ್ಲ. ದಿನದ ದಾರಿ ಅವನಿಗೆ ಬಾಯಿಪಾಠ: ಏಳು ಉಬ್ಬು, ನಾಲ್ಕು ಸಿಗ್ನಲ್, ಹದಿನಾರು ಮಕ್ಕಳು. ಸಿಗ್ನಲ್ಲಿನ ಬಣ್ಣ ಯಾರಿಗೆ ಬೇಕು? ಮುಂದಿನ ಗಾಡಿ ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ಹೋದ ವರ್ಷ ಲೈಸೆನ್ಸಿಗೆಂದು ಕಣ್ಣಿನ ಪರೀಕ್ಷೆಗೆ ಹೋದಾಗ ಸಾಲಿನ ಕೊನೆಯಲ್ಲಿ ನಿಂತ. ಮುಂದಿನವರು ಗೋಡೆಯ ಪಟವನ್ನು ಓದುವುದನ್ನು ಕೇಳಿ ಕೇಳಿ ಉರು ಹೊಡೆದು, ತನ್ನ ಸರದಿ ಬಂದಾಗ ಗಡಗಡ ಒಪ್ಪಿಸಿಬಿಟ್ಟ. ಮಗ್ಗಿ ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹುಡುಗನಿಗೆ ನಲವತ್ನಾಲ್ಕನೇ ವಯಸ್ಸಿನಲ್ಲಿ ಜ್ಞಾಪಕಶಕ್ತಿ ಬಂದಿತ್ತು ನೋಡಿ!

ಇದಕ್ಕಿಂತ ದೊಡ್ಡ ಕಿಲಾಡಿತನ ಬೋರ್ಡ್ ಆಟ. ವ್ಯಾನಿನ ಮಕ್ಕಳಲ್ಲಿ ದಾರಿಯ ಬೋರ್ಡನ್ನು ಯಾರು ಮೊದಲು ಓದಿ ಕೂಗುತ್ತಾರೋ ಅವರಿಗೆ ಒಂದು ಪೆಪ್ಪರ್‌ಮಿಂಟು. 'ಮುಂದೆ ಕಾಮಗಾರಿ', 'ಏಕಮುಖ ಸಂಚಾರ', ಎಲ್ಲವನ್ನೂ ಹದಿನಾರು ಬಾಯಿಗಳು ಓದಿ ಹೇಳುತ್ತಿದ್ದವು, ಇವನು ಸ್ಟೇರಿಂಗು ತಿರುಗಿಸುತ್ತಿದ್ದ. ಮಕ್ಕಳಿಗೆ ಓದಿನ ಹುಚ್ಚು ಹತ್ತಿಸಿದ ಡ್ರೈವರ್ ಎಂದು ಶಾಲೆಯವರು ಅವನಿಗೆ ಶಾಲು ಹೊದಿಸಿದರು. ಅವನು ಹೊದಿಸಿಕೊಂಡ. ಇಂಥವನಿಗೆ ಏನನ್ನಬೇಕು ನೀವೇ ಹೇಳಿ.

ಆ ಶನಿವಾರ ತನ್ನ ಮಕ್ಕಳಿಬ್ಬರನ್ನೂ ಅಜ್ಜಿಯ ಊರಿಗೆ ಕರೆದುಕೊಂಡು ಹೋಗಬೇಕಿತ್ತು. ಅಜ್ಜಿ ಎಂದರೆ ಅವನ ತಾಯಿ. ಅವನ ಅಕ್ಕನ ಮನೆಯಲ್ಲಿದ್ದಳು. ನೂರ ಮೂವತ್ತು ಕಿಲೋಮೀಟರ್ ದಾರಿ. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಜೆ ಸಿಗಲಿಲ್ಲ.

"ಬಸ್ಸಲ್ಲಿ ಹೋಗ್ರೀ. ಹೊಸ ರಸ್ತೆ ಆಗಿದೆಯಂತೆ, ನಿಮಗೆ ಗೊತ್ತಿಲ್ಲದ ದಾರಿ," ಎಂದಳು.

"ಮನೆ ಮುಂದೆ ವ್ಯಾನ್ ನಿಲ್ಲಿಸ್ಕೊಂಡು ಬಸ್ಸಿಗೆ ಕಾಯ್ಬೇಕಾ? ನೋಡಿದವರು ನಗ್ತಾರೆ ಕಣೇ."

ಒಳಗಿನ ಲೆಕ್ಕಾಚಾರವೇ ಬೇರೆ. ಗೊತ್ತಿಲ್ಲದ ದಾರಿಯಲ್ಲಿ ಹೋಗಿ ಬಂದುಬಿಟ್ಟರೆ ಇನ್ನೊಂದು ವರ್ಷ ವ್ಯಾನು ಓಡಿಸಬಹುದು. ಆಗದಿದ್ದರೆ? ಆ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಸ್ಟೇರಿಂಗು ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಕೈಗಳು ಅವು.

ದೊಡ್ಡ ಮಗಳಿಗೆ ಹನ್ನೊಂದು ವರ್ಷ. ಮನೆಯಲ್ಲಿ ಎಲ್ಲರಿಗೂ ಆರ್ಡರ್ ಮಾಡುತ್ತಿದ್ದುದರಿಂದ ಅವಳ ಹೆಸರೇ ಹೆಡ್ಮಿಸ್ಸು ಎಂದಾಗಿತ್ತು. ಚಿಕ್ಕವಳಿಗೆ ಆರು, ಮೆಲ್ಲಗೆ ಮಾತಾಡುವುದು ಅವಳ ಜಾತಕದಲ್ಲೇ ಇಲ್ಲ, ಹಾಗಾಗಿ ತುತ್ತೂರಿ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಊರು ದಾಟಿದ ತಕ್ಷಣ ಆಟ ಶುರುವಾಯಿತು. ಹೆಡ್ಮಿಸ್ಸು ಪಟಪಟ ಓದಿದಳು. ತುತ್ತೂರಿ ಇನ್ನೂ ಒತ್ತಕ್ಷರದ ಹತ್ತಿರ ತಿಣುಕುತ್ತಿರುವಾಗಲೇ ಬೋರ್ಡು ಹಿಂದೆ ಹೋಗಿಬಿಡುತ್ತಿತ್ತು. ಒಂಬತ್ತು ಪೆಪ್ಪರ್‌ಮಿಂಟು ಅಕ್ಕನಿಗೆ, ತಂಗಿಗೆ ಸೊನ್ನೆ.

ಅಷ್ಟು ತಿಂದರೆ ಹೊಟ್ಟೆ ಸುಮ್ಮನಿರುತ್ತದೆಯೇ? ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಹೆಡ್ಮಿಸ್ಸಿಗೆ ಹೊಟ್ಟೆ ತೊಳಸಿ, ಪ್ಲಾಸ್ಟಿಕ್ ಚೀಲಕ್ಕೆ ಮುಖ ಹಾಕಿ ಬಗ್ಗಿಕೊಂಡಳು. ಅದೇ ಹೊತ್ತಿಗೆ ರಸ್ತೆ ಎರಡಾಗಿ ಒಡೆಯಿತು. ಹಳದಿ ಬೋರ್ಡೊಂದು ಬಂತು. ವ್ಯಾನ್ ಮಾಮನಿಗೆ ಕಂಡದ್ದು ಹಳದಿಯ ಅಂಚು ಮಾತ್ರ.

"ಹೇಳ್ರೋ, ಹೇಳ್ರೋ! ಏನಿದೆ ಬೋರ್ಡಲ್ಲಿ?"

"ಅಜ್ಜಿ ಊರು ಎಡಕ್ಕೆ!" ಎಂದು ತುತ್ತೂರಿ ಮೊಳಗಿತು.

"ಶಹಬ್ಬಾಸ್ ನನ್ನ ಬಂಗಾರ!" ಎಡಕ್ಕೆ ತಿರುಗಿಸಿದವನೇ ಹಿಂದಕ್ಕೆ ಕೈ ಚಾಚಿ ಒಂದು ಪೆಪ್ಪರ್‌ಮಿಂಟು ಕೊಟ್ಟ.

ಏನು ರಸ್ತೆ ಅದು! ಒಂದು ಲಾರಿ ಇಲ್ಲ, ಒಂದು ಬೈಕ್ ಇಲ್ಲ. ಅವನಿಗೆ ಖುಷಿಯೋ ಖುಷಿ. ಸುಮ್ಮನೆ ಹೆದರಿಕೊಂಡೆನಲ್ಲ, ಇನ್ನೊಂದಲ್ಲ ಐದು ವರ್ಷ ಓಡಿಸುತ್ತೇನೆ ಎಂದುಕೊಂಡು ವೇಗ ಏರಿಸಿದ.

"ಅಪ್ಪಾ! ಬ್ರೇಕ್! ಬ್ರೇಕ್ ಹಾಕಪ್ಪಾ!"

ಹೆಡ್ಮಿಸ್ಸು ತಲೆ ಎತ್ತಿದ್ದಳು. ಅವನು ಏನನ್ನೂ ನೋಡದೆ, ಆ ದನಿಗೇ ಬ್ರೇಕು ತುಳಿದ. ವ್ಯಾನು ಕಿರುಚಿಕೊಂಡು ಜಾರಿತು. ಮೂತಿಗೆ ಏನೋ ಢಣ್ ಎಂದು ಬಡಿಯಿತು. ರಸ್ತೆಗೆ ಅಡ್ಡ ಇಟ್ಟಿದ್ದ ಡ್ರಮ್ಮುಗಳಲ್ಲಿ ಒಂದು ಉರುಳಿತು, ಉರುಳುತ್ತಾ ಹೋಯಿತು, ಆಮೇಲೆ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಎಲ್ಲೋ ಬಹಳ ಕೆಳಗೆ ನೀರಿಗೆ ಬಿದ್ದ ಸದ್ದು ಕೇಳಿಸಿತು. ಅದು ನಡುವೆ ಮುರಿದುಬಿದ್ದ ಸೇತುವೆ.

ತಲೆಗೆ ಟವೆಲ್ ಸುತ್ತಿದ ಕೆಲಸದವನೊಬ್ಬ ಓಡಿಬಂದು ಕಿಟಕಿ ಬಡಿದ. "ರೀ, ತಲೆ ನೆಟ್ಟಗಿದೆಯೇನ್ರೀ? ರಸ್ತೆ ಮುಚ್ಚಿದೆ ಅಂತ ಆಳೆತ್ತರದ ಬೋರ್ಡ್ ಹಾಕಿದ್ದೀವಿ, ಕಣ್ಣು ಕಾಣಲ್ವಾ? ಹಿಂದೆ ಮಕ್ಕಳು ಬೇರೆ!"

ವ್ಯಾನ್ ಮಾಮ ಹಿಂದಕ್ಕೆ ತಿರುಗಿ ತುತ್ತೂರಿಯ ಮೇಲೆ ಕೈ ಎತ್ತಿದ. "ಸುಳ್ಳು ಹೇಳ್ತೀಯಾ? ಸುಳ್ಳು? ಎಲ್ಲರನ್ನೂ ಸಾಯಿಸಿಬಿಡ್ತಿದ್ದೆಯಲ್ಲೇ!"

"ನಂಗೆ ಒಂದೂ ಸಿಕ್ಕಿರಲಿಲ್ಲ," ಎಂದು ಮಗು ಬಿಕ್ಕಿತು. "ಅಕ್ಕಂಗೆ ಒಂಬತ್ತು."

ಹೆಡ್ಮಿಸ್ಸು ತಂಗಿಯನ್ನು ಎಳೆದು ಅಪ್ಪಿಕೊಂಡಳು. "ಅವಳಿಗ್ಯಾಕೆ ಬೈತೀಯಪ್ಪಾ? ಅವಳಿನ್ನೂ ಒಂದನೇ ಕ್ಲಾಸು. ನೀನ್ಯಾಕೆ ನೋಡಲಿಲ್ಲ?"

"ಬಿಸಿಲು. ಕಣ್ಣಿಗೆ ಹೊಡೀತು."

ಬಿಸಿಲು ಬೆನ್ನ ಹಿಂದಿತ್ತು. ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ತಿಳಿಯುವುದಿಲ್ಲವೇ? ಅವಳು ಇಳಿದು ಬಂದು ಮುಂದಿನ ಸೀಟಿನಲ್ಲಿ ಕೂತಳು. ವ್ಯಾನು ಹಿಂದಕ್ಕೆ ತಿರುಗಿತು. ಉಳಿದ ದಾರಿಯುದ್ದಕ್ಕೂ ಕೇಳದಿದ್ದರೂ ಹೇಳುತ್ತಾ ಹೋದಳು. "ಮುಂದೆ ಸೈಕಲ್. ಬಲಕ್ಕೆ ಲಾರಿ ತಿರುಗ್ತಿದೆ. ನಾಯಿ ಅಪ್ಪಾ, ನಿಧಾನ." ಪೆಪ್ಪರ್‌ಮಿಂಟು ಕೇಳಲಿಲ್ಲ. ಅವನು ಸೈಕಲ್ಲಿನ ವೇಗದಲ್ಲಿ ಓಡಿಸಿದ. ನಾಚಿಕೆಯಿಂದ ಅವನಿಗೆ ಸತ್ತುಹೋಗಬೇಕು ಅನ್ನಿಸುತ್ತಿತ್ತು.

ವ್ಯಾನ್ ಮಾಮನ ಅಕ್ಕ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಕಿಟಕಿಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕಾಲದಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದವಳು, ದೃಷ್ಟಿ ಹೋಗಿ ಎಷ್ಟೋ ವರ್ಷವಾಗಿತ್ತು. ಯಾರ ಜೊತೆ ಮಾತಾಡಿದರೂ ಮುಖ ನೋಡುತ್ತಿರಲಿಲ್ಲ, ಕಿವಿಯ ಕಡೆ ತಿರುಗಿಕೊಳ್ಳುತ್ತಿದ್ದಳು. ವ್ಯಾನ್ ಮಾಮ ಚಿಕ್ಕವನಿದ್ದಾಗ ಓಣಿಯ ಹುಡುಗರು ಅದನ್ನು ಆಡಿಕೊಂಡು ನಕ್ಕರೆ ಅವರ ಜೊತೆ ಇವನೂ ನಕ್ಕಿದ್ದ.

"ಬಂದ್ರಾ? ಬನ್ನಿ ಬನ್ನಿ ನನ್ನ ಗಿಣಿಗಳಾ," ಎಂದು ಮೊಮ್ಮಕ್ಕಳನ್ನು ಮುದ್ದಾಡಿದಳು. ಆಮೇಲೆ ಮಗನ ಕೆನ್ನೆಗೆ ಕೈ ಇಟ್ಟಳು.

"ಹೇಗಿದ್ದೀಯಮ್ಮಾ?"

ಅಜ್ಜಿಯ ಕೈ ಕೆನ್ನೆಯ ಮೇಲೆಯೇ ನಿಂತಿತು. ಮೂಗಿನವರೆಗೆ ಸರಿದು, ಗಲ್ಲಕ್ಕೆ ಇಳಿದು, ಮತ್ತೆ ಕೆನ್ನೆಗೆ ಬಂತು.

"ಯಾಕೋ ಮುಖ ಆ ಕಡೆ ತಿರುಗಿಸ್ಕೊಂಡಿದ್ದೀಯ? ನನ್ನ ಕಿವಿ ಜೊತೆ ಮಾತಾಡ್ತಿದ್ದೀಯಲ್ಲೋ."

ಅವನು ತಟ್ಟನೆ ಮುಖ ನೆಟ್ಟಗೆ ಮಾಡಿಕೊಂಡ.

"ಎಷ್ಟು ದಿನ ಆಯ್ತು?"

"ಎರಡು ವರ್ಷ."

"ಅಯ್ಯೋ ನನ್ನ ಕಂದಾ!" ಎಂದು ಅಜ್ಜಿ ಅತ್ತೇಬಿಟ್ಟಳು. ಅತ್ತು ಮುಗಿದ ಮೇಲೆ ದನಿ ಗಡುಸಾಯಿತು. "ಗಾಡಿ ಓಡಿಸ್ಕೊಂಡು ಬಂದೆಯಾ? ಈ ಕೂಸುಗಳನ್ನ ಕೂರಿಸ್ಕೊಂಡು?"

ಹೆಡ್ಮಿಸ್ಸು ನಡುವೆ ಬಂದು ಕೇಳಿದಳು: "ಅಜ್ಜಿ, ನಮಗೂ ಬರುತ್ತಾ?"

"ಗೊತ್ತಿಲ್ಲ ಕಣೇ ಮಗಳೇ. ಡಾಕ್ಟರಿಗೆ ತೋರಿಸ್ಬೇಕು. ಬಂದ್ರೆ ಮಾತ್ರ ಮುಚ್ಚಿಡಬೇಡ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಮುಚ್ಚಿಟ್ಟಿದ್ದೆ. ಕಾಜ ಸೊಟ್ಟ ಸೊಟ್ಟ ಬಂದು ಇನ್ನೂರು ಅಂಗಿ ವಾಪಸ್ ಬಂತು. ಪಕ್ಕದ ಮಿಷಿನ್ನಿನವಳದು ಅಂದ್ಕೊಂಡು ಅವಳನ್ನ ಓಡಿಸಿಬಿಟ್ರು. ನಾನು ಬಾಯಿ ಬಿಡಲಿಲ್ಲ. ಅವಳಿಗೂ ಇಬ್ಬರು ಮಕ್ಕಳಿದ್ರು."

ವ್ಯಾನ್ ಮಾಮನಿಗೆ ತುತ್ತೂರಿಯ ಮೇಲೆ ಎತ್ತಿದ ತನ್ನ ಕೈ ನೆನಪಾಯಿತು. ಆಮೇಲೆ ಜೇಬಿನಿಂದ ವ್ಯಾನಿನ ಕೀ ತೆಗೆದು ಅಮ್ಮನ ಮಡಿಲಲ್ಲಿಟ್ಟು, ಮೊಬೈಲನ್ನು ದೊಡ್ಡ ಮಗಳ ಕೈಗೆ ಕೊಟ್ಟ. "ಆಫೀಸಿನ ಮೇಡಂಗೆ ಫೋನ್ ಮಾಡಿಕೊಡು ಪುಟ್ಟಾ." ಶಾಲೆಯಲ್ಲಿ ವ್ಯಾನುಗಳ ಜವಾಬ್ದಾರಿ ನೋಡಿಕೊಳ್ಳುತ್ತಿದ್ದವರು ಅವರೇ.

"ಮೇಡಂ, ಸೋಮವಾರದಿಂದ ಬೇರೆ ಡ್ರೈವರ್ ನೋಡಿ."

"ಯಾಕೆ, ವ್ಯಾನ್ ಕೆಟ್ಟಿದೆಯಾ?"

"ವ್ಯಾನಿಗೇನೂ ಆಗಿಲ್ಲ ಮೇಡಂ. ನನಗೆ ಕಣ್ಣು ಕಾಣಲ್ಲ. ಎರಡು ವರ್ಷದಿಂದ."

"ಎರಡು ವರ್ಷದಿಂದಾನಾ?" ಮೇಡಂ ದನಿ ಸಣ್ಣಗಾಗಿತ್ತು. "ನನ್ನ ಮಗಳು ನಿಮ್ಮ ವ್ಯಾನಲ್ಲೇ ಬರ್ತಾಳಲ್ರೀ."

"ಗೊತ್ತು ಮೇಡಂ. ಎಡಗಡೆ ಕಿಟಕಿ. ಬೋರ್ಡ್ ತುಂಬಾ ಚೆನ್ನಾಗಿ ಓದ್ತಾಳೆ."

ಫೋನು ಕಟ್ ಆಯಿತು. ಅವನು ಅದನ್ನು ಕಿವಿಗೆ ಹಿಡಿದೇ ಕೂತಿದ್ದ. ತುತ್ತೂರಿ ಹತ್ತಿರ ಬಂದು ಅವನ ಇನ್ನೊಂದು ಕೈ ಬಿಡಿಸಿ, ಏನೋ ಇಟ್ಟಳು. ಅಂಟಂಟಾಗಿತ್ತು. ಕಾಗದ ಬಿಚ್ಚದ ಪೆಪ್ಪರ್‌ಮಿಂಟು, ಬೆವರಿದ ಮುಷ್ಟಿಯಲ್ಲಿ ಇಷ್ಟು ಹೊತ್ತೂ ಹಿಡಿದುಕೊಂಡಿದ್ದರಿಂದ ಕರಗಿಹೋಗಿತ್ತು.

"ಇದು ನಂದಲ್ಲಪ್ಪಾ," ಎಂದಳು, ಹುಟ್ಟಿದ ಮೇಲೆ ಮೊದಲ ಸಲ ಅಷ್ಟು ಮೆಲ್ಲಗೆ. "ನಾನು ಓದಿರಲಿಲ್ಲ."

"ನಾನೂ ಓದಿರಲಿಲ್ಲ ಕಣೇ," ಎಂದು ಅವನು ಮಗುವನ್ನು ಎಳೆದುಕೊಂಡು ಅತ್ತ.