ಬಾಗಿಲಿಲ್ಲದ ಕಪಾಟು

ನವಲಗುಂದದ ನಮ್ಮ ಮನೆಯ ಅಡಿಗೆಮನೆಗೆ ಹೊಸ ಕಪಾಟು ಮಾಡಿಸಲು ಬಡಿಗೇರರಿಗೆ ಹೇಳಿದ್ದೆವು. ಅದೇ ವಾರ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು, ನಮ್ಮತ್ತೆಗೆ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ನಿಧಾನವಾಗಿ ಹೋಗುತ್ತದೆ ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಗೆ ಮುಖ ಮಾಡಿಕೊಂಡೇ ಕೂತಿದ್ದರು.

ಮನೆಗೆ ಬಂದ ಮೇಲೆ ನನ್ನ ಗಂಡ ಹೇಳಿದರು, "ಇನ್ನ ಒಲಿ ಹಂತೇಕ ಬರಬ್ಯಾಡವಾ. ಆರಾಮ ಕುಂತ ಉಣ್ಣು."

"ಹಂಗಾರ ದಿನಾ ನಾ ಏನ್ ಮಾಡ್ಲೆಪಾ?"

ನಾನು ಶಾಲೆಗೆ ಪಾಠ ಹೇಳಲು ಹೋಗುವವಳು. ಮದುವೆಯಾದಾಗಿನಿಂದ ಮಧ್ಯಾಹ್ನದ ಅಡಿಗೆ ಅತ್ತೆಯದೇ. ಅದೂ ಹೋದರೆ ಅವರಿಗೆ ಉಳಿಯುವುದು ಪಡಸಾಲೆಯ ಮಂಚವೊಂದೇ.

ಚಾವಣಿಯವರೆಗೆ ಕಪಾಟು, ಹೊಳೆಯುವ ಬಾಗಿಲು, ಒಳಗೆ ಒಂದೇ ಅಳತೆಯ ಡಬ್ಬಿ ಎಂದು ನಾನು ಆಸೆಪಟ್ಟು ಆರಿಸಿದ್ದೆ. ಅದನ್ನು ಕೈಬಿಟ್ಟೆ. ಬಡಿಗೇರರು ಬಂದ ದಿನ ಅತ್ತೆಯನ್ನು ಗೋಡೆಯ ಮುಂದೆ ನಿಲ್ಲಿಸಿದೆ.

"ಕೈ ಎತ್ತರಿ ಅತ್ತಿ."

ಅವರ ಕೈ ಸಲೀಸಾಗಿ ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಅದಕ್ಕಿಂತ ಮೇಲೆ ಏನೂ ಬೇಡ, ಬಾಗಿಲೂ ಬೇಡ, ಡಬ್ಬಿ ಜಾರದಂತೆ ಹಲಗೆಗಳ ಅಂಚಿಗೆ ಪಟ್ಟಿ ಬೇಕು ಎಂದೆ.

"ಬಾಗಲಾ ಇಲ್ಲಂದ್ರ ಧೂಳ ಕೂಡತೈತ್ರಿ."

"ಕೂಡ್ಲಿ ಬಿಡ್ರಿ, ಒರಸ್ತೀನಿ."

ಕಪಾಟಿನ ಮಾತಿಗೆ ಅತ್ತೆಯೂ ಬಾಯಿ ಹಾಕಿದರು. "ಉಪ್ಪು ಸಕ್ರಿ ಒಂದ ನಮೂನಿ ಡಬ್ಬ್ಯಾಗ ಹಾಕಬ್ಯಾಡವಾ. ಉಪ್ಪಿಗೆ ಭರಣಿ ಇರ್ಲಿ." ಜೋಳದ ಹಿಟ್ಟಿನ ಡಬ್ಬಿ ಕೆಳಗೆ ಬಲಕ್ಕಿರಲಿ ಎಂದೂ ಅವರೇ ಹೇಳಿದರು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ ಹೊಲಕ್ಕೆ ಹೋದರು. ಒಪ್ಪಿಗೆ ಇರಲಿಲ್ಲವೆಂದು ನನಗೆ ಗೊತ್ತಿತ್ತು.

ಕಪಾಟು ಸಿದ್ಧವಾಗಿ ಅತ್ತೆಯ ಕೈಗೆ ರೂಢಿಯಾಗಿತ್ತು. ಪಂಚಮಿ ಹಬ್ಬಕ್ಕೆ ನಾದಿನಿ ತವರಿಗೆ ಬಂದಳು. ನಾನು ಶಾಲೆಯಲ್ಲಿದ್ದಾಗ ಕಪಾಟನ್ನೆಲ್ಲ ಒರೆಸಿ, ಚಂದ ಕಾಣಲೆಂದು ಡಬ್ಬಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿಟ್ಟಳು. ಮರುದಿನ ಬೆಳಿಗ್ಗೆ ಅತ್ತೆ ಜೀರಿಗೆಗೆ ಕೈ ಹಾಕಿದರು. ತೆಗೆದು ಮೂಸಿದರು, ಇಟ್ಟರು. ಇನ್ನೊಂದನ್ನು ತೆಗೆದರು. ಆಮೇಲೆ ಹಲಗೆ ಹಿಡಿದು ಹಾಗೇ ನಿಂತುಬಿಟ್ಟರು.

"ಮಂದಿ ಮನ್ಯಾಗ ನಿಂತಂಗ ಆತಲ್ಲ," ಎಂದರು ಮೆಲ್ಲಗೆ.

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಹಾ ಕುಡಿಯುತ್ತಿದ್ದ ಇವರು ಎದ್ದು ಬಂದು ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿದರು. ಒಂದನ್ನು ತೆರೆದು ನೋಡಿ ತಾಯಿಯ ಕೈಗೆ ಕೊಟ್ಟರು.

"ಅವ್ವಾ, ಇದು ಜೀರಗಿ. ಎಲ್ಲಿತ್ತು?"

"ಉಪ್ಪಿನ ಬಾಜೂಕ."

ಒಂದೊಂದನ್ನೂ ಹೀಗೇ ಕೇಳಿ ಕೇಳಿ ಇಟ್ಟರು.

ಈಗ ಅತ್ತೆಗೆ ಬೆಳಕೂ ತಿಳಿಯುವುದಿಲ್ಲ. ಮಧ್ಯಾಹ್ನ ಇವರು ಹೊಲದಿಂದ ಬಂದು ಗ್ಯಾಸ್ ಹಚ್ಚಿ, ಉಳ್ಳಾಗಡ್ಡಿ ಹೆಚ್ಚಿಕೊಡುತ್ತಾರೆ. ಅಡಿಗೆ ಅತ್ತೆಯದೇ.