ಕುಂಕುಮ ಹತ್ತಿದ ವಿಮಾನ

ಮೊನ್ನೆ ಮಗಳು ಉಗುರುಬಣ್ಣ ಅಳಿಸುವ ಬಾಟಲಿಯ ಮುಚ್ಚಳ ತೆಗೆದಳು. ಒಲೆಯ ಮುಂದಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈ ನಿಂತಿತು, ಒಗ್ಗರಣೆ ಸೀದುಹೋಯಿತು. ಮೇಲ್ಮನೆ ಅಕ್ಕನ ಕೋಣೆಯಲ್ಲಿ ಇಂಥದ್ದೇ ವಾಸನೆ ಇರುತ್ತಿತ್ತು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿಸುವ ಗೋಂದಿನದು... ನೆತ್ತಿಗೇರಿ ಕಣ್ಣಲ್ಲಿ ನೀರು ತರಿಸುವಂಥದ್ದು.

ಆಗ ನಾವು ಹೊಸೂರಿನಲ್ಲಿ ಕೆಳಗಿನ ಬಾಡಿಗೆ ಮನೆಯಲ್ಲಿದ್ದೆವು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಮೇಲೆ ಅಕ್ಕ, ಅವರ ತಮ್ಮ, ತಮ್ಮನ ಹೆಂಡತಿ. ಜವಳಗಿರಿ ಕಡೆಯ ಹಳ್ಳಿಯವರು. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಬಿಡುವಾಗ್ಲಿಲ್ಲ ಕಣಮ್ಮಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹರೆಯವೆಲ್ಲ ಫ್ಯಾಕ್ಟರಿಯಲ್ಲಿ ಕೈಗಡಿಯಾರ ಜೋಡಿಸಿದವರು. ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮ್ಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಕೈ ಅದು. ಆ ಕೈಗೇ ನಡುಕದ ಕಾಯಿಲೆ ಬಂತು. ಕೆಲಸ ಬಿಟ್ಟರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ನಡುಕ ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದು ಹೇಳಿ ಕಳಿಸಿದ್ದರು.

ಬೇರೆಯವರಾಗಿದ್ದರೆ ಜಪಮಣಿ ಹಿಡಿಯುತ್ತಿದ್ದರು. ಇವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ವಿಮಾನದ ಕಿಟ್ ತಂದರು! ನಿಜವಾದ ವಿಮಾನದ ಪ್ರತಿ ಅಂಗವನ್ನೂ ಕುಗ್ಗಿಸಿ ಮಾಡಿದ ಪ್ಲಾಸ್ಟಿಕ್ ತುಂಡುಗಳು, ಒಂದು ಡಬ್ಬಿ ತುಂಬ. ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣ ಬಳಿದು, ಒಂದೊಂದಾಗಿ ಅಂಟಿಸಬೇಕು. ಪೈಲಟ್ಟಿನ ಸೀಟಿನ ಪಟ್ಟಿ ಕೂಡ ಬೇರೆ ತುಂಡು. ಇದ್ಯಾಕೆ ಅಕ್ಕ ಎಂದು ಕೇಳಿದೆ. ಚಿಕ್ಕಂದಿನಲ್ಲಿ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಇಂಥದ್ದೇ ಪುಟ್ಟ ವಿಮಾನಗಳು ತಲೆಯ ಮೇಲೆ ಸುತ್ತು ಹೊಡೆಯುತ್ತಿದ್ದವಂತೆ.

"ಹತ್ತೋಕಂತೂ ಆಗ್ಲಿಲ್ಲ. ಕಟ್ಟೋಕಾದ್ರೂ ಆಯ್ತದಾ ನೋಡೋಣ" ಅಂದರು.

ಮನೆಯವರಿಗೆ ನಗು, ಆಮೇಲೆ ಕಸಿವಿಸಿ. ಬಂದವರೆಲ್ಲ ನಡುಗುವ ಆ ಕೈಯನ್ನು ನೋಡಿ ಲೊಚಗುಟ್ಟುತ್ತಿದ್ದರು. ಅಕ್ಕ ಯಾರಿಗೂ ಜಗ್ಗಲಿಲ್ಲ. ಹಳೆಯ ಲಂಗದ ಬಟ್ಟೆ ಕೊಟ್ಟು ನನ್ನಿಂದ ಒಂದು ಚೀಲ ಹೊಲಿಸಿಕೊಂಡರು, ಅದರೊಳಗೆ ರಾಗಿ ತುಂಬಿದರು. ಮಣಿಕಟ್ಟನ್ನು ಆ ಚೀಲಕ್ಕೆ ಒತ್ತಿ ಹೂತರೆ ರಾಗಿ ಸುತ್ತಲೂ ಅವುಚಿಕೊಂಡು ಕೈಯನ್ನು ಹಿಡಿದುಕೊಳ್ಳುತ್ತಿತ್ತು. ಉಸಿರು ಬಿಗಿಹಿಡಿದು ಆ ಗಳಿಗೆಯಲ್ಲೇ ತುಂಡು ಕೂರಿಸಿಬಿಡಬೇಕು. ಎಷ್ಟೋ ಸಲ ತುಂಡು ಹಾರಿ ಮಂಚದಡಿ ಸೇರುತ್ತಿತ್ತು. ನಾನು ಬಗ್ಗಿ ಹುಡುಕಿಕೊಟ್ಟರೆ ಸರಿ. ಅಂಟಿಸಿಕೊಡಲಾ ಎಂದರೆ ಮಾತ್ರ ಕೆಂಡವಾಗುತ್ತಿದ್ದರು.

"ನೀನ್ ಅಂಟಿಸಿದ್ರೆ ಅದು ನಿನ್ ಇಮಾನ. ಹೋಗಿ ರವಿಕೆ ಹೊಲ್ಕೊ."

ಹೀಗೇ ತಿಂಗಳುಗಳು ಹೋದವು. ರೆಕ್ಕೆ ಬಂತು, ಬಾಲ ಬಂತು, ಚಕ್ರ ಬಂತು. ಜೊತೆಗೆ ನಡುಕವೂ ಏರಿತು. ಮೊದಲು ದಿನವೂ ಸ್ವಲ್ಪ ಹೊತ್ತು ಮಾತು ಕೇಳುತ್ತಿದ್ದ ಕೈ ಆಮೇಲೆ ವಾರಕ್ಕೊಮ್ಮೆ ಕೇಳಿದರೆ ಹೆಚ್ಚು ಎನ್ನುವ ಹಾಗಾಯಿತು. ಕೊನೆಗೆ ಉಳಿದದ್ದು ಮೂತಿಯ ಫ್ಯಾನು ಮಾತ್ರ. ಮೂತಿಗೆ ಹಳದಿ ಬಣ್ಣ ಬಳಿದು ಒಣಗಲು ಬಿಟ್ಟಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಬೀದಿಯಲ್ಲಿ ಆಯುಧಪೂಜೆ ಅಂದರೆ ಸಾಮಾನ್ಯವಲ್ಲ, ಮನೆಗೊಬ್ಬರು ಫ್ಯಾಕ್ಟರಿಯವರು. ಬೈಕು, ಸ್ಪ್ಯಾನರು, ಮಿಕ್ಸಿ, ನನ್ನ ಹೊಲಿಗೆ ಮಿಷನ್ನು, ಎಲ್ಲಕ್ಕೂ ಕುಂಕುಮ. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಕ್ಕನ ತಮ್ಮ ಬೆಳಿಗ್ಗೆಯೇ ಚಿಮ್ಮಟ ಕೇಳಿದ. ಅಕ್ಕ ಕೊಡಲಿಲ್ಲ.

"ಇವತ್ತು ಕೈ ನನ್ ಮಾತು ಕೇಳ್ತಾ ಐತೆ ಕಣ್ಲಾ. ನಾಳೀಕೆ ಕೇಳ್ತದೋ ಇಲ್ವೋ ಯಾರ್ ಕಂಡವ್ರೆ?"

"ಹಬ್ಬದ ದಿನ ಕೆಲ್ಸ ಮಾಡಿದ್ರೆ ಸಾಮಿ ಕುತ್ತಮ್ ಆಯ್ತದಕ್ಕ" ಎಂದ. ದೇವರಿಗೆ ಅಪಚಾರ ಎನ್ನುವುದಕ್ಕೆ ಅವನ ಬಾಯಲ್ಲಿ ಯಾವಾಗಲೂ ತಮಿಳೇ ಬರುತ್ತಿತ್ತು.

"ಆಗ್ಲಿ. ಕೈ ನಡುಗಿಸಿದ ಸಾಮೀನೇ ಅಲ್ವಾ? ಇನ್ನೇನ್ ಕಿತ್ಕತಾನೆ?"

ನಾನು ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ನನ್ನತ್ತ ತಿರುಗಿ ಎರಡೂ ಹೆಬ್ಬೆರಳು ಚಾಚಿದರು. "ಇವೇ ನನ್ ಆಯುಧ. ಇಡಮ್ಮಿ ಇವಕ್ಕೆ." ಇಟ್ಟೆ. ಅದರ ಹಿಂದೆಯೇ ಮಣಿಕಟ್ಟು ರಾಗಿ ಚೀಲದಲ್ಲಿ ಹೂತಿತು, ಚಿಮ್ಮಟ ಫ್ಯಾನನ್ನು ಎತ್ತಿತು. ಎಡಗೈ ವಿಮಾನದ ಮೂತಿಯನ್ನು ಒತ್ತಿ ಹಿಡಿಯಿತು. ತಮ್ಮನೂ ಅವನ ಹೆಂಡತಿಯೂ ನಾನೂ ಉಸಿರು ಬಿಡದೆ ನೋಡಿದೆವು. ಫ್ಯಾನು ಕೂತಿತು. ಅಕ್ಕ ಅದನ್ನು ಊದಿದರು, ಅದು ತಿರುಗಿತು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಎಡಗೈ ತೆಗೆದಾಗ ಆರದ ಹಳದಿ ಬಣ್ಣದ ಮೇಲೆ ಕೆಂಪು ಹೆಬ್ಬೆಟ್ಟಿನ ಗುರುತು ಮೂಡಿತ್ತು. ಮತ್ತೆ ಬಣ್ಣ ಬಳಿದರೆ ಮುಚ್ಚಿಹೋಗುತ್ತೆ ಎಂದೆ. ಇರಲಿ ಬಿಡು ಎಂದರು.

ಮರುದಿನ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಸೀರೆಯ ಮೇಲೆಲ್ಲ ಚೆಲ್ಲಿತು. "ನೋಡ್ದಾ? ನಾನ್ ಹೇಳ್ನಿಲ್ವಾ" ಎಂದರು, ಗೆದ್ದವರ ದನಿಯಲ್ಲಿ. ಆ ಕೈ ಮತ್ತೆ ಚಿಮ್ಮಟ ಹಿಡಿಯಲೇ ಇಲ್ಲ...

ಅಕ್ಕ ಹೋಗಿ ವರ್ಷಗಳಾದವು. ಅಷ್ಟು ಹಟದ ಹೆಂಗಸನ್ನು ಸಾವು ಹೇಗೆ ಒಪ್ಪಿಸಿತೋ ಎಂದು ನೆನೆದರೆ ನನಗೆ ಈಗಲೂ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ವಿಮಾನವನ್ನು ಅವರ ತಮ್ಮನೇ ತಂದು ನನ್ನ ಕೈಗಿಟ್ಟ. ನಮ್ಮ ಸ್ವಂತ ಮನೆಯಲ್ಲಿ ಅದೀಗ ಟಿವಿಯ ಪಕ್ಕದಲ್ಲಿದೆ. ಮೊನ್ನೆ ಮಗಳು ಅದೇ ಬಾಟಲಿಯಲ್ಲಿ ಹತ್ತಿ ಅದ್ದಿಕೊಂಡು "ಅಮ್ಮಾ, ಈ ಕೆಂಪು ಕಲೆ ಒರೆಸ್ಬಿಡ್ಲಾ?" ಎಂದಳು. ಸೀದ ಬಾಣಲೆ ಬಿಟ್ಟು ಓಡಿಬಂದು ಕೈ ಹಿಡಿದುಕೊಂಡೆ. "ಮುಟ್ಟಿದ್ರೆ ನೋಡು" ಎಂದ ನನ್ನ ದನಿಗೆ ಅವಳು ಬೆಚ್ಚಿದಳು. ಆಮೇಲೆ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ.

ಪ್ರತಿ ಆಯುಧಪೂಜೆಗೂ ನಮ್ಮ ಜೊತೆಗಿರುವ ಅತ್ತೆ ಬಟ್ಟಲು ಹಿಡಿದು ಮನೆಯೆಲ್ಲ ಸುತ್ತುತ್ತಾರೆ. ಅವರ ಪೂಜೆ ಮುಗಿದ ಮೇಲೂ ನಾನು ಮಿಷನ್ನಿನ ಮೇಲೆ ಒಂದು ಹೊಲಿಗೆ ಹಾಕಿಯೇ ಏಳುತ್ತೇನೆ, ಗೊಣಗಿಕೊಳ್ಳಲಿ. ವಿಮಾನಕ್ಕೂ ಒಂದು ಬೊಟ್ಟು ಇಡಲು ಬರುತ್ತಾರೆ. ನಾನು ಬಿಡುವುದಿಲ್ಲ. ಅದಕ್ಕೆ ಆಗಲೇ ಇಟ್ಟಾಗಿದೆ.